ಒಂಟಿಕೊಪ್ಪಲಿನ ಮೇಷ್ಟ್ರೂ ಅವರ ಮನೆಯ ರೇಡಿಯೋ ಸ್ಟೇಷನ್ನೂ

ಹೋದ ವರ್ಷ ನಮ್ಮ ಆಫೀಸಿನಲ್ಲಿ ರಾಜ್ಯೋತ್ಸವಕ್ಕೆ ಒಂದು ಕ್ವಿಜ್ ಇಟ್ಟಿದ್ರು. ಪ್ರಶ್ನೆ: ಕರ್ನಾಟಕದ ಮೊದಲ ಖಾಸಗಿ ರೇಡಿಯೋ ಸ್ಟೇಷನ್ ಯಾವುದು? ಎದುರು ತಂಡದ ಹುಡುಗಿ ಬಜರ್ ಒತ್ತಿ, 'ರೇಡಿಯೋ ಸಿಟಿ, ಬೆಂಗಳೂರು, 2001' ಅಂದಳು. ಹತ್ತು ಅಂಕ ಸಿಕ್ತು. ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಎದ್ದು ನಿಂತು, 'ಮೈಸೂರು, 1935, ಒಬ್ಬ ಮೇಷ್ಟ್ರ ಮನೆ' ಅಂದೆ. ಕ್ವಿಜ್ ಮಾಸ್ಟರ್ ಒಮ್ಮೆ ತನ್ನ ಹಾಳೆ ನೋಡಿ, ಒಮ್ಮೆ ನನ್ನ ಮುಖ ನೋಡಿ, 'ಸರ್, ಅದು ಆಕಾಶವಾಣಿ, ಗವರ್ನಮೆಂಟ್ದು' ಅಂದ. ಎಲ್ಲರೂ ನಕ್ಕರು. ಅಂಕ ಸಿಗಲಿಲ್ಲ. ಆವತ್ತು ಹೇಳೋಕೆ ಟೈಮ್ ಸಿಗದೇ ಇದ್ದದ್ದನ್ನ ಇಲ್ಲಿ ಬರೀತಿದೀನಿ.

ಕತೆ ಶುರುವಾಗೋದು ಮಹಾರಾಜ ಕಾಲೇಜಿನಲ್ಲಿ. ಅಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಓದಿ ಬಂದವರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರ ವಿಭಾಗ ಕಟ್ಟಿದವರೇ ಅವರು. ಅದು 1924ರ ಮಾತು, ಆಗ ಇಡೀ ದೇಶದಲ್ಲಿ ಆ ವಿಷಯಕ್ಕೆ ಅಂತ ಪ್ರತ್ಯೇಕ ವಿಭಾಗ ಕಲ್ಕತ್ತ ಬಿಟ್ಟರೆ ಇರಲಿಲ್ಲ. ಮಕ್ಕಳ ಶಿಕ್ಷಣದ ಹುಚ್ಚೂ ಇತ್ತು. ಅವರ ಹೆಸರಿನ ಶಿಶುವಿಹಾರ ಮೈಸೂರಿನಲ್ಲಿ ಇನ್ನೂ ಇದೆ. ಒಟ್ಟಿನಲ್ಲಿ, ಒಂದು ಕೆಲಸ ಹಿಡಿದು ಕೂರುವ ಜಾತಿಯಲ್ಲ. ಇಂಥ ಮನುಷ್ಯರು ಎಲ್ಲ ಕಾಲೇಜಿನಲ್ಲೂ ಒಬ್ಬರು ಇರ್ತಾರೆ. ವ್ಯತ್ಯಾಸ ಏನಂದ್ರೆ ಇವರು ಹೇಳಿದ್ದನ್ನ ಮಾಡಿಬಿಡ್ತಿದ್ರು.

1935ರ ಸೆಪ್ಟೆಂಬರ್ 10ರಂದು, ಒಂಟಿಕೊಪ್ಪಲಿನ ತಮ್ಮ ಮನೆ 'ವಿಠಲ ವಿಹಾರ'ದಿಂದ ಗೋಪಾಲಸ್ವಾಮಿ ಪ್ರಸಾರ ಶುರು ಮಾಡಿದರು. ಟ್ರಾನ್ಸ್‌ಮಿಟರ್‌ನ ಶಕ್ತಿ 30 ವ್ಯಾಟ್. ನಿಮ್ಮ ಮನೆಯ ಹಳೇ ಕಾಲದ ಬಲ್ಬು ನೆನಪಿದೆಯಾ, 40 ವ್ಯಾಟಿಂದು? ಅದಕ್ಕಿಂತ ಕಡಿಮೆ. ಮೊದಲ ದಿನ ಮೈಕಿನ ಮುಂದೆ ಕವನ ಓದಿದ್ದು ಕುವೆಂಪು ಅಂತ ಮೈಸೂರಿನವರು ಈಗಲೂ ಹೆಮ್ಮೆಯಿಂದ ಹೇಳ್ತಾರೆ. ಆಗ ಅವರಿಗೆ ಮೂವತ್ತು ವರ್ಷ, ಅದೇ ಮಹಾರಾಜ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕ. 'ರಾಮಾಯಣ ದರ್ಶನಂ' ಇನ್ನೂ ಬಂದಿಲ್ಲ, 'ರಾಷ್ಟ್ರಕವಿ' ಅನ್ನೋ ಬಿರುದಂತೂ ಬಲು ದೂರ. ಸಹೋದ್ಯೋಗಿ ಕರೆದ, ಇವರು ಹೋದರು, ಅಷ್ಟೇ.

ಆ ದನಿ ಈಗ ಎಲ್ಲೂ ಸಿಗಲ್ಲ. ಟೇಪ್ ರೆಕಾರ್ಡರ್ ಅನ್ನೋದು ನಮ್ಮ ಸ್ಟುಡಿಯೋಗಳಿಗೆ ಬರೋಕೆ ಇನ್ನೂ ಹತ್ತು-ಹದಿನೈದು ವರ್ಷ ಬಾಕಿ ಇತ್ತು. ಆಗ ಪ್ರಸಾರ ಅಂದ್ರೆ ಲೈವ್. ಹಾಡುವವರು ಬರಬೇಕು, ಕೂತು ಹಾಡಬೇಕು, ಮುಗಿದ ಕ್ಷಣಕ್ಕೆ ಅದು ಗಾಳಿಗೆ ಹೋಯ್ತು. ಕೇಳಿದವರು ಕೇಳಿದರು. ಪ್ರತಿ ಊಟದ ಫೋಟೋವನ್ನೂ ಕ್ಲೌಡ್‌ನಲ್ಲಿ ಕಾಪಾಡಿಕೊಳ್ಳೋ ನಮಗೆ ಇದು ಕಲ್ಪಿಸಿಕೊಳ್ಳೋಕೂ ಕಷ್ಟ.

ಇಲ್ಲೊಂದು ಮಾತು. ನಾನು ಕ್ವಿಜ್‌ನಲ್ಲಿ ಹೇಳಿದ್ದನ್ನ ಎಳೆದು 'ಇಡೀ ಭಾರತದ ಮೊದಲ ಖಾಸಗಿ ರೇಡಿಯೋ ಮೈಸೂರಿನದು' ಅಂತ ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡಬೇಡಿ. 1920ರ ದಶಕದಲ್ಲೇ ಬೊಂಬಾಯಿ, ಕಲ್ಕತ್ತ, ಮದ್ರಾಸುಗಳಲ್ಲಿ ರೇಡಿಯೋ ಕ್ಲಬ್‌ಗಳು ಇದ್ದವು. ಮದ್ರಾಸಿನ ಕ್ಲಬ್ 1924ರಲ್ಲಿ ಪ್ರಸಾರ ನಡೆಸಿ, ದುಡ್ಡು ಸಾಲದೆ ಕೊನೆಗೆ ಅಲ್ಲಿನ ಕಾರ್ಪೊರೇಷನ್ ಕೈಗೆ ಹೋಯಿತು. 1927ರ ಜುಲೈನಲ್ಲಿ ಬೊಂಬಾಯಿಯಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಅನ್ನೋ ಖಾಸಗಿ ಸಂಸ್ಥೆ ಭರ್ಜರಿಯಾಗಿ ಶುರುವಾಗಿ, ಮೂರೇ ವರ್ಷಕ್ಕೆ ದಿವಾಳಿ ಎದ್ದು, ಸರ್ಕಾರ ಅದನ್ನ ವಹಿಸಿಕೊಂಡಿತ್ತು. ಇವತ್ತಿನ ಸ್ಟಾರ್ಟಪ್ ಕತೆಗಳಿಗಿಂತ ಏನೂ ಬೇರೆ ಇಲ್ಲ ನೋಡಿ: ಫಂಡಿಂಗ್, ಉದ್ಘಾಟನೆ, ಸಂಬಳ ಕಟ್, ಶಟರ್ ಡೌನ್.

ಇದನ್ನೆಲ್ಲ ಗೋಪಾಲಸ್ವಾಮಿ ನೋಡಿರಲೇಬೇಕು. ಆದರೂ ಸ್ವಂತ ದುಡ್ಡು ಹಾಕಿದರು. ಬ್ರಿಟಿಷ್ ಇಂಡಿಯಾದಲ್ಲಿ ಹೀಗೆ ಮನೆಯಲ್ಲಿ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಊರಿಗೆಲ್ಲ ಪ್ರಸಾರ ಮಾಡೋದು ಅಷ್ಟು ಸಲೀಸಾಗಿರಲಿಲ್ಲ. ಅಲ್ಲಿ 1885ರ ಟೆಲಿಗ್ರಾಫ್ ಕಾಯ್ದೆ ಇತ್ತು, 1933ರಲ್ಲಿ ವೈರ್‌ಲೆಸ್ ಕಾಯ್ದೆಯೂ ಬಂತು. ಮೈಸೂರು ಸಂಸ್ಥಾನ. ನಾಲ್ವಡಿ ಕೃಷ್ಣರಾಜ ಒಡೆಯರ್ ಸಿಂಹಾಸನದಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನಗಿರಿಯಲ್ಲಿ. ಹೊಸದನ್ನ ಕಂಡ್ರೆ ಬಾಗಿಲು ಹಾಕಿಕೊಳ್ಳೋ ಆಡಳಿತ ಅಲ್ಲ ಅದು. ಅರಮನೆ ಇರೋದು ಒಂಟಿಕೊಪ್ಪಲಿಂದ ಜಟಕಾದಲ್ಲಿ ಹೋಗೋ ದೂರ. ಆಸ್ಥಾನ ವಿದ್ವಾಂಸರೆಲ್ಲ ಅದೇ ಊರಲ್ಲಿ. ಉಪನ್ಯಾಸಕ್ಕೆ ಬೇಕಾದ ಪ್ರೊಫೆಸರುಗಳು ಪಕ್ಕದ ಬೀದಿಯಲ್ಲಿ. ಕಂಟೆಂಟ್‌ಗೆ ಬರ ಇರೋ ಪ್ರಶ್ನೆಯೇ ಇಲ್ಲ. ಟ್ರಾನ್ಸ್‌ಮಿಟರ್ ಮಾತ್ರ ಸಣ್ಣದಾಯ್ತು. ಆಮೇಲೆ 250 ವ್ಯಾಟಿನದನ್ನ ತರಿಸಿದರು.

ಸಂಗೀತ, ನಾಟಕ, ಭಾಷಣ: ಮುಂದೆ ಐವತ್ತು ವರ್ಷ ಕನ್ನಡ ರೇಡಿಯೋ ಅಂದ್ರೆ ಏನೇನು ಅಂತ ನಾವು ತಿಳಿದುಕೊಂಡೆವೋ, ಆ ಅಡಿಗೆಯ ಸಾಮಾನೆಲ್ಲ ಒಂಟಿಕೊಪ್ಪಲಿನ ಆ ಮನೆಯಲ್ಲೇ ಇತ್ತು.

ಈಗ ಹೆಸರಿನ ವಿಚಾರ. ಇದು ಸ್ವಲ್ಪ ಜಗಳದ ವಿಷಯ.

ಅತ್ತ ದೆಹಲಿಯಲ್ಲಿ, ಇದೇ 1935ರಲ್ಲಿ, ಬಿಬಿಸಿಯಿಂದ ಲಯೊನೆಲ್ ಫೀಲ್ಡೆನ್ ಅನ್ನೋ ಸಾಹೇಬ ಭಾರತದ ಪ್ರಸಾರದ ಮುಖ್ಯಸ್ಥನಾಗಿ ಬಂದಿದ್ದ. ಇಲಾಖೆಯ ಹೆಸರು 'ಇಂಡಿಯನ್ ಸ್ಟೇಟ್ ಬ್ರಾಡ್‌ಕಾಸ್ಟಿಂಗ್ ಸರ್ವಿಸ್'. ಫೀಲ್ಡೆನ್‌ಗೆ ಆ ಹೆಸರು ಕಂಡ್ರೆ ಆಗ್ತಿರಲಿಲ್ಲ. ಅಧಿಕಾರಿಗಳು ಬದಲಾಯಿಸೋಕೆ ಬಿಡ್ತಿರಲಿಲ್ಲ. ಒಂದು ಔತಣದ ನಂತರ ವೈಸ್‌ರಾಯ್ ಲಿನ್‌ಲಿತ್‌ಗೋ ಅವರನ್ನ ಮೂಲೆಗೆ ಹಿಡಿದು, ಏನೂ ಗೊತ್ತಿಲ್ಲದವನ ಹಾಗೆ ಸಲಹೆ ಕೇಳಿ, 'ಆಲ್ ಇಂಡಿಯಾ' ಅನ್ನೋ ಪದ ಅವರ ಬಾಯಿಂದಲೇ ಬರೋ ಹಾಗೆ ಮಾಡಿ, ಆಹಾ ಎಂಥ ಐಡಿಯಾ ಅಂತ ಹೊಗಳಿಬಿಟ್ಟ. ಈ ಕತೆಯನ್ನ ಅವನೇ ತನ್ನ ಆತ್ಮಕತೆಯಲ್ಲಿ ಹೇಳ್ಕೊಂಡಿದಾನೆ. 1936ರ ಜೂನ್ 8ಕ್ಕೆ ಅದು 'ಆಲ್ ಇಂಡಿಯಾ ರೇಡಿಯೋ' ಆಯ್ತು. ಮ್ಯಾನೇಜರ್ ಐಡಿಯಾವನ್ನ ಮ್ಯಾನೇಜರ್‌ದೇ ಅಂತ ನಂಬಿಸಿ ಕೆಲಸ ಮಾಡಿಸಿಕೊಳ್ಳೋದು ಕಾರ್ಪೊರೇಟ್ ಕಾಲದ ಆವಿಷ್ಕಾರ ಅಂದ್ಕೊಂಡಿದ್ರಾ?

ಇತ್ತ ಮೈಸೂರಿನಲ್ಲಿ ಇಂಥ ತಂತ್ರ ಏನೂ ಬೇಕಾಗಲಿಲ್ಲ. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಒಂಟಿಕೊಪ್ಪಲಿನ ಸ್ಟೇಷನ್ನಿಗೆ 'ಆಕಾಶವಾಣಿ' ಅಂತ ಹೆಸರು ಬಿತ್ತು. ಇಟ್ಟವರು ಗೋಪಾಲಸ್ವಾಮಿ ಅಂತ ಸಾಮಾನ್ಯವಾಗಿ ಹೇಳ್ತಾರೆ. ಅಲ್ಲ, ಅವರ ಜೊತೆ ಆ ನಿಲಯದಲ್ಲಿ ಕೆಲಸ ಮಾಡುತ್ತಿದ್ದ ನಾ. ಕಸ್ತೂರಿ ಅಂತ ಇನ್ನು ಕೆಲವರು. ಕಸ್ತೂರಿ ಮಹಾರಾಜ ಕಾಲೇಜಿನ ಇತಿಹಾಸದ ಮೇಷ್ಟ್ರು, ಕೇರಳ ಮೂಲದವರು, ಕನ್ನಡಕ್ಕೆ 'ಅನರ್ಥಕೋಶ' ಕೊಟ್ಟ ಹಾಸ್ಯಗಾರ. ಪದಗಳ ಜೊತೆ ಆಟ ಆಡೋದೇ ಅವರ ಕಸುಬು. ಹಾಗಾಗಿ ನನ್ನ ಮನಸ್ಸು ಕಸ್ತೂರಿಯವರ ಕಡೆ ವಾಲುತ್ತೆ. ಆದರೆ ಮನಸ್ಸು ವಾಲೋದು ಸಾಕ್ಷ್ಯ ಅಲ್ಲ. ಬಂಗಾಳದವರನ್ನ ಕೇಳಿದ್ರೆ ಅವರು ರವೀಂದ್ರನಾಥ ಠಾಕೂರರ ಹೆಸರು ಹೇಳ್ತಾರೆ. ಠಾಕೂರರು ಕಲ್ಕತ್ತ ಕೇಂದ್ರಕ್ಕಾಗಿ ಆ ಪದ ಬಳಸಿ ಪದ್ಯ ಬರೆದದ್ದು ನಿಜ, ಆದರೆ ಅದು ಮೈಸೂರಿನ ಬೋರ್ಡು ಹತ್ತಿದ ಮೇಲೆ, 1930ರ ದಶಕದ ಕೊನೆಯಲ್ಲಿ.

ಪದ ಏನೂ ಹೊಸದಲ್ಲ ಬಿಡಿ. ಪುರಾಣದಲ್ಲಿ ಕಂಸನಿಗೆ, ನಿನ್ನ ತಂಗಿಯ ಎಂಟನೇ ಮಗು ನಿನ್ನನ್ನ ಕೊಲ್ಲುತ್ತೆ ಅಂತ ಹೇಳಿದ್ದು ಆಕಾಶವಾಣಿಯೇ. ಒಬ್ಬನೇ ಶ್ರೋತೃ, ಒಂದೇ ಬುಲೆಟಿನ್. ಮುಂದೆ ನಮ್ಮ ಸರ್ಕಾರಗಳು ರೇಡಿಯೋ ಮೇಲೆ ಇಟ್ಟ ಹೆದರಿಕೆ ನೋಡಿದ್ರೆ, ಆ ಕಂಸನ ಕತೆಯನ್ನ ಅವರು ಸರಿಯಾಗೇ ಓದಿಕೊಂಡಿದ್ರು ಅನ್ಸುತ್ತೆ.

ಮೇಷ್ಟ್ರ ಸಂಬಳದಲ್ಲಿ ರೇಡಿಯೋ ಸ್ಟೇಷನ್ ಎಷ್ಟು ದಿನ ನಡೆಯುತ್ತೆ? ಆರು ವರ್ಷ ಹೇಗೋ ಎಳೆದರು. 1940ರ ದಶಕದ ಆರಂಭದಲ್ಲಿ ಅದು ಮೊದಲು ಮೈಸೂರು ನಗರಸಭೆಗೆ, ಅಲ್ಲಿಂದ ಸಂಸ್ಥಾನದ ಸರ್ಕಾರಕ್ಕೆ ಹೋಯಿತು. ಮನೆಯ ರೇಡಿಯೋ ಹೀಗೆ ಊರಿನ ರೇಡಿಯೋ ಆಗಿ, ನಂತರ ರಾಜ್ಯದ ರೇಡಿಯೋ ಆಯಿತು.

1947ರ ಆಗಸ್ಟಿನ ಲೆಕ್ಕ ನೋಡಿ. ವಿಭಜನೆಯ ನಂತರ ಭಾರತಕ್ಕೆ ಉಳಿದ ಆಲ್ ಇಂಡಿಯಾ ರೇಡಿಯೋ ಕೇಂದ್ರಗಳು 6: ದೆಹಲಿ, ಬೊಂಬಾಯಿ, ಕಲ್ಕತ್ತ, ಮದ್ರಾಸ್, ತಿರುಚಿನಾಪಳ್ಳಿ, ಲಖನೌ. ಕನ್ನಡದ ನೆಲದಲ್ಲಿ ಒಂದೂ ಇಲ್ಲ. ಸಂಸ್ಥಾನಗಳ ಕೇಂದ್ರಗಳು 5: ಮೈಸೂರು, ತಿರುವನಂತಪುರ, ಹೈದರಾಬಾದ್, ಔರಂಗಾಬಾದ್, ಬರೋಡ. ಅಂದ್ರೆ ಸ್ವಾತಂತ್ರ್ಯ ಬಂದ ದಿನ ಕನ್ನಡ ನಾಡಿನಲ್ಲಿ ಇದ್ದದ್ದು ಒಂದೇ ಒಂದು ರೇಡಿಯೋ ನಿಲಯ, ಅದೂ ಒಬ್ಬ ಮೇಷ್ಟ್ರು ತಮ್ಮ ಮನೆಯಲ್ಲಿ ಶುರು ಮಾಡಿದ್ದು. ಗೋಪಾಲಸ್ವಾಮಿ ಆ ಸೆಪ್ಟೆಂಬರಿನಲ್ಲಿ ಮಶೀನು ಆನ್ ಮಾಡದೇ ಇದ್ದಿದ್ರೆ ಆ ಸಂಖ್ಯೆ ಸೊನ್ನೆ ಆಗೋ ಎಲ್ಲ ಸಾಧ್ಯತೆ ಇತ್ತು. ಧಾರವಾಡದ ಕೇಂದ್ರ ಬಂದದ್ದು 1950ರ ಜನವರಿ 8ಕ್ಕೆ.

ಅದೇ ವರ್ಷ ಏಪ್ರಿಲ್ 1ಕ್ಕೆ ಮೈಸೂರು ಕೇಂದ್ರವನ್ನ ದೆಹಲಿ ವಹಿಸಿಕೊಂಡಿತು. ತಾರೀಖು ನೋಡಿ ನಗಬೇಡಿ, ಅದು ಹಣಕಾಸು ವರ್ಷದ ಮೊದಲ ದಿನ ಅಷ್ಟೇ. ಆದರೆ ಐದು ವರ್ಷದ ನಂತರ ಆದದ್ದು ನಗೋ ವಿಷಯ ಅಲ್ಲ. 1955ರ ನವೆಂಬರ್ 2ರಂದು ಬೆಂಗಳೂರಿನ ಕೇಂದ್ರ ಉದ್ಘಾಟನೆ ಆಯಿತು, ಮೈಸೂರಿನದು ಮುಚ್ಚಿಹೋಯಿತು. ಮುಚ್ಚಿತು ಅನ್ನೋಕಿಂತ, ಸಾಮಾನು ಸರಂಜಾಮು ಕಲಾವಿದರ ಸಮೇತ ರಾಜಧಾನಿಗೆ ವರ್ಗ ಆಯಿತು. ದೊಡ್ಡ ಊರು, ದೊಡ್ಡ ಟ್ರಾನ್ಸ್‌ಮಿಟರ್, ಹೆಚ್ಚು ಕೇಳುಗರು: ವಾದ ತಪ್ಪಲ್ಲ. ಆದರೆ ಹೆಸರು ಕೊಟ್ಟ ಊರಿಗೇ ದನಿ ಇಲ್ಲದ ಹಾಗಾಯ್ತು. ಒಂದೆರಡು ವರ್ಷದಲ್ಲಿ, ಆ ಮೈಸೂರಿನ ಪದವನ್ನೇ ಎತ್ತಿಕೊಂಡು ಇಡೀ ದೇಶದ ರೇಡಿಯೋಗೆ 'ಆಕಾಶವಾಣಿ' ಅಂತ ಅಧಿಕೃತವಾಗಿ ನಾಮಕರಣ ಮಾಡಿದ್ರು. (ತಮಿಳರು ಒಪ್ಪಲಿಲ್ಲ, ಅವರಿಗೆ ಅದು 'ವಾನೊಲಿ'ಯಾಗೇ ಉಳೀತು.) ಹೆಸರು ದೇಶಕ್ಕೆ ಹೋಯ್ತು, ಮಶೀನು ಬೆಂಗಳೂರಿಗೆ ಹೋಯ್ತು, ಮೈಸೂರಿಗೆ ಏನುಳೀತು ಅಂತ ನಮ್ಮ ತಾತ ಕೇಳೋರು. ಅವರು ಆ ದಿನಗಳಲ್ಲಿ ಯಾದವಗಿರಿಯ ಹತ್ತಿರ ಬಾಡಿಗೆ ಮನೆಯಲ್ಲಿದ್ರು. ಮೈಸೂರಿಗೆ ಮತ್ತೆ ಕೇಂದ್ರ ಬಂದದ್ದು 1974ರಲ್ಲಿ. 19 ವರ್ಷ.

ಇನ್ನು ನನ್ನ ಪೀಳಿಗೆಗೆ ರೇಡಿಯೋ ಅಂದ್ರೆ ಅಜ್ಜಿಯ ಗಡಿಯಾರ. ಸುಳ್ಳಲ್ಲ. 6.55ಕ್ಕೆ ಸಂಸ್ಕೃತ ವಾರ್ತೆ ಅಂದ್ರೆ ಹಾಲು ಉಕ್ಕೋ ಹೊತ್ತು. 7.05ರ ಪ್ರದೇಶ ಸಮಾಚಾರಕ್ಕೆ ತಾತನ ಕಾಫಿ. 7.35ಕ್ಕೆ ದೆಹಲಿಯ ಕನ್ನಡ ವಾರ್ತೆ ಮುಗಿದಾಗ ನಾನಿನ್ನೂ ಶೂ ಹಾಕಿಲ್ಲ ಅಂದ್ರೆ ಸ್ಕೂಲ್ ವ್ಯಾನ್ ತಪ್ಪಿತು ಅಂತಲೇ ಅರ್ಥ. ಅಜ್ಜಿಗೆ ಸಂಸ್ಕೃತ ಬರ್ತಿರಲಿಲ್ಲ. ಆ ವಾರ್ತೆಯಲ್ಲಿ ಏನು ಹೇಳಿದ್ರು ಅಂತ ಒಂದು ದಿನವೂ ಕೇಳಿದವಳಲ್ಲ. ಆದರೆ ಒಂದು ದಿನವೂ ಆಫ್ ಮಾಡಿದವಳೂ ಅಲ್ಲ.

ದಿನ ಶುರುವಾಗೋ ಮುಂಚೆ ಬರ್ತಿತ್ತಲ್ಲ, ತಂಬೂರಿ ಮತ್ತು ಪಿಟೀಲಿನ ಆ ಟ್ಯೂನು? ಅದನ್ನ ಅಪ್ಪಟ ಭಾರತೀಯ ಅಂದ್ಕೊಂಡಿರ್ತೀವಿ. ಮಾಡಿದವನು ವಾಲ್ಟರ್ ಕೌಫ್‌ಮನ್, ಹಿಟ್ಲರನ ಯುರೋಪು ಬಿಟ್ಟು ಬೊಂಬಾಯಿಗೆ ಬಂದ ಯಹೂದಿ, ಆಗಿನ ಚೆಕೊಸ್ಲೊವಾಕಿಯಾದವನು. ನಿರಾಶ್ರಿತನೊಬ್ಬ ಕಟ್ಟಿದ ರಾಗಕ್ಕೆ ಇಡೀ ದೇಶ ಹಾಸಿಗೆ ಬಿಟ್ಟು ಏಳ್ತಿತ್ತು.

ಕಾರ್ಯಕ್ರಮಗಳ ಬಗ್ಗೆ ಬರೀತಾ ಹೋದ್ರೆ ಪುಟ ಸಾಲಲ್ಲ. ಆದರೂ ಧಾರವಾಡದ ಒಂದು ಮಾತು ಹೇಳಲೇಬೇಕು. ಆ ಕೇಂದ್ರದಲ್ಲಿ 1950ರ ದಶಕದ ನಡುವಿಂದ ದ.ರಾ. ಬೇಂದ್ರೆ ಸಲಹೆಗಾರರಾಗಿದ್ರು. ಸಂಗೀತಕ್ಕೆ ಸಲಹೆಗಾರರು ಮಲ್ಲಿಕಾರ್ಜುನ ಮನ್ಸೂರ್. ನಾಟಕ ನೋಡ್ಕೊಳ್ತಿದ್ದವರು ಎನ್ಕೆ. ಒಂದೇ ಕಾರಿಡಾರಿನಲ್ಲಿ ಇವರು ಮೂವರೂ! ಇದನ್ನ ಯಾವ ಖಾಸಗಿ ಕಂಪನಿ ಕಟ್ಟೋಕೆ ಆಗ್ತಿತ್ತು ಹೇಳಿ. ಸರ್ಕಾರಿ ಆಫೀಸು ಅಂತ ಮೂಗು ಮುರಿಯೋ ಮೊದಲು ಆ ಕಾರಿಡಾರ್ ನೆನೆಸ್ಕೋಬೇಕು.

ಬೆಂಗಳೂರಿನದು ಇನ್ನೊಂದು ಬಗೆ. ಅಲ್ಲಿ ವೀಣೆ ದೊರೆಸ್ವಾಮಿ ಅಯ್ಯಂಗಾರ್ ಸಂಗೀತ ವಿಭಾಗದಲ್ಲಿದ್ರು. ನಾಟಕದಲ್ಲಿ ಯಮುನಾ ಮೂರ್ತಿಯವರ ದನಿ. ರೈತರ ಕಾರ್ಯಕ್ರಮದಲ್ಲಿ ಎ.ಎಸ್. ಮೂರ್ತಿ 'ಈರಣ್ಣ' ಆಗಿ ಮಾತಾಡ್ತಿದ್ರು. ಆ ಪಾತ್ರ ಎಷ್ಟು ಅಂಟಿಕೊಳ್ತು ಅಂದ್ರೆ ಕೊನೆಯ ತನಕ ಜನ ಅವರನ್ನ ಕರೆದದ್ದು 'ಆಕಾಶವಾಣಿ ಈರಣ್ಣ' ಅಂತಲೇ. ರಸಗೊಬ್ಬರ, ಬೀಜೋಪಚಾರ, ಹೊಸ ತಳಿಯ ಭತ್ತ: ಕೇಳೋಕೆ ಬೋರಿಂಗ್ ವಿಷಯ. ಅದನ್ನ ಹಳ್ಳಿಯವನೊಬ್ಬನ ಮಾತಿನ ಲಯದಲ್ಲಿ, ತಮಾಷೆ ಸೇರಿಸಿ ಹೇಳೋದಕ್ಕೆ ನಾಟಕದ ಮನುಷ್ಯ ಬೇಕಿತ್ತು, ಕೃಷಿ ಅಧಿಕಾರಿ ಅಲ್ಲ. ಯೂಟ್ಯೂಬ್‌ನಲ್ಲಿ ಎಕ್ಸ್‌ಪ್ಲೇನರ್ ಮಾಡೋ ನನ್ನ ಗೆಳೆಯರಿಗೆ ಇದನ್ನ ಹೇಳ್ತಾನೇ ಇರ್ತೀನಿ.

ತಪ್ಪುಗಳೂ ಕಮ್ಮಿ ಇರಲಿಲ್ಲ. 1950ರ ದಶಕದಲ್ಲಿ ಮಂತ್ರಿಯಾಗಿದ್ದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಅಂದ್ರೆ ಅಲರ್ಜಿ. ಹಾಡು ಕಡಿಮೆ ಆಗ್ತಾ ಆಗ್ತಾ ನಿಂತೇಹೋಯ್ತು. ಜನ ಸುಮ್ಮನೆ ಮುಳ್ಳು ತಿರುಗಿಸಿ ಸಿಲೋನ್‌ಗೆ ಹೋದ್ರು. 1957ರ ಅಕ್ಟೋಬರ್ 3ಕ್ಕೆ ವಿವಿಧ ಭಾರತಿ ಶುರು ಮಾಡಿ ದೆಹಲಿ ತನ್ನ ಸೋಲು ಒಪ್ಪಿಕೊಳ್ತು. ಹಾರ್ಮೋನಿಯಂ ಅಂತೂ 1940ರಿಂದ ಮೂವತ್ತು ವರ್ಷ ರೇಡಿಯೋದಲ್ಲಿ ನಿಷಿದ್ಧ. ನಮ್ಮ ಕಂಪನಿ ನಾಟಕಗಳಲ್ಲಿ ಕಾಲು ಪೆಟ್ಟಿಗೆ ಇಲ್ಲದೆ ಪರದೆಯೇ ಏಳ್ತಿರಲಿಲ್ಲ ಅನ್ನೋದನ್ನ ನೆನೆಸಿಕೊಂಡ್ರೆ ಆ ನಿಷೇಧ ಎಷ್ಟು ವಿಚಿತ್ರ ಅಂತ ಗೊತ್ತಾಗುತ್ತೆ. ಅದೂ ಸಾಲದು ಅಂತ ರೇಡಿಯೋ ಇಟ್ಕೊಂಡವರು ಅಂಚೆ ಕಚೇರಿಗೆ ಹೋಗಿ ವರ್ಷಾವರ್ಷ ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು. ತಾತನ ಆ ಪುಟ್ಟ ಪುಸ್ತಕ, ಒಳಗೆ ಸಾಲಾಗಿ ಅಂಚೆ ಮುದ್ರೆ, ನಮ್ಮ ಮನೆಯಲ್ಲಿ ಇನ್ನೂ ಇದೆ. ತುರ್ತುಪರಿಸ್ಥಿತಿಯಲ್ಲಿ ಜನ ಅದನ್ನ 'ಆಲ್ ಇಂದಿರಾ ರೇಡಿಯೋ' ಅಂತ ಗೇಲಿ ಮಾಡಿದ್ದು ನಿಮಗೂ ಗೊತ್ತಿರುತ್ತೆ.

ನನಗೆ ನಿಜವಾಗಿ ಕೊರೆಯೋದು ಬೇರೆ. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಪ್ರಸಾರದ ತರಂಗಗಳು ಸಾರ್ವಜನಿಕ ಸೊತ್ತು, ಸರ್ಕಾರದ ಏಕಸ್ವಾಮ್ಯ ಅಲ್ಲ ಅಂತ ತೀರ್ಪು ಕೊಟ್ಟಿತು. ಕೇಸು ಕ್ರಿಕೆಟ್ ಪ್ರಸಾರದ್ದು, ಬಂಗಾಳದ ಕ್ರಿಕೆಟ್ ಸಂಸ್ಥೆಯದು. ಅದಾದ ಮೇಲೂ ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ (ಹೈದರಾಲಿ ಹುಟ್ಟಿದ ಊರು ಅಂತಾರೆ) ಹಳ್ಳಿಯ ಹೆಣ್ಣುಮಕ್ಕಳೂ ಹುಡುಗರೂ ಸೇರಿ 'ನಮ್ಮ ಧ್ವನಿ' ಅಂತ ಒಂದು ಸ್ಟುಡಿಯೋ ಕಟ್ಟಿಕೊಂಡಾಗ, ಅವರಿಗೆ ಗಾಳಿಯಲ್ಲಿ ಪ್ರಸಾರ ಮಾಡೋಕೆ ಅನುಮತಿ ಇರಲಿಲ್ಲ. ಏನು ಮಾಡಿದ್ರು ಗೊತ್ತಾ? ಕೇಬಲ್ ಟೀವಿಯ ತಂತಿಯಲ್ಲೇ ರೇಡಿಯೋ ಹರಿಸಿದ್ರು. 2000ದ ದಶಕದ ಮೊದಲ ವರ್ಷಗಳ ಮಾತು ಇದು. ಬೆಂಗಳೂರಿನಲ್ಲಿ ಇನ್ಫೋಸಿಸ್ ಇತ್ತು, ಕೋರಮಂಗಲದಲ್ಲಿ ಪಬ್ಬಿತ್ತು, ಎಫ್‌ಎಂನಲ್ಲಿ ಕಮರ್ಷಿಯಲ್ ಇತ್ತು. ಬೂದಿಕೋಟೆಯವರಿಗೆ ಮಾತ್ರ ತಮ್ಮ ಊರಿನ ಗಾಳಿ ಇರಲಿಲ್ಲ. 1935ರಲ್ಲಿ, ರಾಜನ ಆಳ್ವಿಕೆಯಲ್ಲಿ, ಒಬ್ಬ ಮೇಷ್ಟ್ರು ಮಾಡಿದ್ದನ್ನ ಸುಮಾರು 70 ವರ್ಷದ ನಂತರ ಪ್ರಜಾಪ್ರಭುತ್ವದ ಹಳ್ಳಿಯೊಂದು ಮಾಡೋಕೆ ಆಗಲಿಲ್ಲ. ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ರೇಡಿಯೋ ನಡೆಸೋಕೆ ಬಿಡೋ ನೀತಿ ಬಂದದ್ದು 2006ರ ಕೊನೆಗೆ. ಸುದ್ದಿ ಮಾತ್ರ ಇವತ್ತಿಗೂ ಖಾಸಗಿ ಎಫ್‌ಎಂನವರಾಗಲೀ ಸಮುದಾಯ ರೇಡಿಯೋದವರಾಗಲೀ ತಾವೇ ಮಾಡಿ ಹೇಳೋ ಹಾಗಿಲ್ಲ, ಆಕಾಶವಾಣಿಯ ಸುದ್ದಿಯನ್ನ ಇದ್ದ ಹಾಗೆ ಹಾಕಬಹುದು, ಅಷ್ಟೇ. ಫೋನಿನಲ್ಲಿ ಯಾರು ಬೇಕಾದ್ರೂ ಏನು ಬೇಕಾದ್ರೂ ಸುದ್ದಿ ಅಂತ ಹರಡೋ ಕಾಲದಲ್ಲಿ ಇದು ಇನ್ನೂ ನಡೀತಿದೆ.

ಹಾಗಂತ ನಾನು ಎಲ್ಲವನ್ನೂ ಖಾಸಗಿಗೆ ಕೊಡಿ ಅನ್ನೋ ಪಾರ್ಟಿ ಅಲ್ಲ. ಧಾರವಾಡದ ಆ ಕಾರಿಡಾರ್ ಸರ್ಕಾರದ ದುಡ್ಡಲ್ಲೇ ಆದದ್ದು. ಗೋಪಾಲಸ್ವಾಮಿಯವರ ಸ್ಟೇಷನ್ ಉಳಿದದ್ದೂ ನಗರಸಭೆ, ಸಂಸ್ಥಾನ ಕೈಹಿಡಿದದ್ದರಿಂದಲೇ, ಇಲ್ಲದಿದ್ರೆ ಅದು ಬೊಂಬಾಯಿ ಕಂಪನಿಯ ಹಾದಿ ಹಿಡೀತಿತ್ತು. ಒಂದೇ ಕಷ್ಟ, ಕೈಹಿಡಿದವರು ಬಾಗಿಲನ್ನೂ ಹಾಕಿಬಿಟ್ರು. ಮುಂದೆ ಬರೋ ಗೋಪಾಲಸ್ವಾಮಿಗೆ ಜಾಗ ಬಿಡಲಿಲ್ಲ.

ಕ್ವಿಜ್ ಆದ ಮುಂದಿನ ವಾರ ಮೈಸೂರಿಗೆ ಹೋದಾಗ ಯಾದವಗಿರಿಯ ಕಡೆ ನಡೆದು ಹೋಗಿದ್ದೆ. ಆರ್.ಕೆ. ನಾರಾಯಣ್ ಅವರ ಮನೆ ಮ್ಯೂಸಿಯಂ ನೋಡೋಕೆ ಬಂದ ಒಂದಿಬ್ಬರು ಬೆಂಗಳೂರು ಹುಡುಗರು ದಾರಿ ಕೇಳಿದ್ರು. ಹೇಳಿದೆ. ಅದೇ ಬಡಾವಣೆಯಲ್ಲಿರೋ ಆಕಾಶವಾಣಿಯನ್ನೂ ನೋಡಿ ಹೋಗಿ ಅಂದೆ. 'ಅಲ್ಲಿ ನೋಡೋಕೆ ಏನಿದೆ?' ಅಂದ್ರು. ಅದೂ ಸರಿನೇ, ರೇಡಿಯೋ ಸ್ಟೇಷನ್ನಿನಲ್ಲಿ ನೋಡೋಕೆ ಏನಿರುತ್ತೆ.

ಮನೆಗೆ ಬಂದು ಮಾವನಿಗೆ ಸುದ್ದಿ ಹೇಳಿದೆ: 2023ರ ಮೇನಲ್ಲಿ ಪ್ರಸಾರ ಭಾರತಿಯವರು 'ಆಲ್ ಇಂಡಿಯಾ ರೇಡಿಯೋ' ಅನ್ನೋ ಹೆಸರನ್ನ ಪೂರ್ತಿ ಕೈಬಿಟ್ಟು, ಎಲ್ಲ ಕಡೆ ಬರೀ ಆಕಾಶವಾಣಿ ಅಂತಲೇ ಹೇಳಬೇಕು ಅಂತ ಆದೇಶ ಮಾಡಿದಾರೆ, ಗೊತ್ತಾ? ಫೀಲ್ಡೆನ್‌ನ ಹೆಸರು ಹೋಯ್ತು, ನಮ್ಮ ಒಂಟಿಕೊಪ್ಪಲಿನ ಹೆಸರು ಗೆದ್ದಿತು ಅಂತ ಖುಷಿಯಿಂದ ಹೇಳಿದೆ.

ಮಾವ ಪೇಪರ್‌ನಿಂದ ತಲೆ ಎತ್ತದೆ, 'ಅದಕ್ಕೆ ಬೇರೆ ಹೆಸರು ಯಾವತ್ತು ಇತ್ತೋ?' ಅಂದ.